ಭಾವನ ಕುಡಿತ ಬಿಡಿಸೋಕೆ ವಿಡಿಯೋ ಕಾಲ್ ಡಾಕ್ಟರು ಸಾಕಾ? ಗೊತ್ತಿರೋರು ಹೇಳಿ (ಶಿಡ್ಲಘಟ್ಟ)

ಗೂಡು_ಹರಾಜು | ಭಾನುವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಕ್ಷಮಿಸಿ.

ನಮ್ಮ ಭಾವನಿಗೆ 44 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿಸ್ತಾರೆ, ಆರು ಬೇಸಿನ್ನು ಇದೆ. ಬೆಳಗ್ಗೆ ಗೂಡು ಹರಾಜಿಗೆ ಹೋಗೋಕೆ ಮುಂಚೆ ಒಂದು ನೈಂಟಿ ಆಗಲೇಬೇಕು. ಇಲ್ದಿದ್ರೆ ಜಾಲರಿಯಿಂದ ಗೂಡು ಎತ್ತಿ ನೋಡಕ್ಕಾಗಲ್ಲ, ಕೈ ಅಷ್ಟು ನಡುಗ್ತದೆ. ಮಧ್ಯಾಹ್ನ ಇನ್ನೊಂದು. ಸಂಜೆದು ಲೆಕ್ಕ ಇಲ್ಲ. ಅಕ್ಕ ಹೇಳೋ ಪ್ರಕಾರ ದಿನಕ್ಕೆ ಮೂರು ಕ್ವಾಟ್ರು ಗ್ಯಾರಂಟಿ.

ಈಗ ಅವರಾಗೇ ಬಿಡ್ತೀನಿ ಅಂತವ್ರೆ. ಹೋದ ವಾರ ಮಗಳ ಸ್ಕೂಲಲ್ಲಿ ಒಂದು ಘಟನೆ ಆಯ್ತು, ಅದು ಬೇಡ ಬಿಡಿ. ಆದ್ರೆ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ ಅಂತ ಹಟ. ಇಲ್ಲಿ ಓಪಿ ಚೀಟಿ ಬರೆಯೋ ಹುಡುಗನಿಂದ ಹಿಡಿದು ಕ್ಯೂನಲ್ಲಿ ನಿಂತಿರೋರ ತನಕ ಎಲ್ಲ ಗೊತ್ತಿರೋ ಮುಖಗಳೇ. ಸುದ್ದಿ ಹೊರಗೆ ಬಿದ್ರೆ ನೂಲು ಕೊಳ್ಳೋ ವ್ಯಾಪಾರಿಗಳು ಮುಂಗಡ ಕೊಡೋದು ನಿಲ್ಲಿಸ್ತಾರೆ ಅನ್ನೋದು ಅವರ ಭಯ. ಸುಳ್ಳು ಅಂತ ನಾನೂ ಹೇಳಕ್ಕಾಗಲ್ಲ.

ಅದಕ್ಕೆ ಫೋನಲ್ಲೇ ಒಂದು ಆ್ಯಪ್ ಹುಡುಕಿ ನಾಳೆಗೆ ವಿಡಿಯೋ ಡಾಕ್ಟರ್ ಬುಕ್ ಮಾಡವ್ರೆ. ಐನೂರು ರೂಪಾಯಿ. ಹಿಂಗೆ ಮನೇಲಿ ಕೂತು ಟ್ರೀಟ್‌ಮೆಂಟ್ ತಗೊಂಡು ಬಿಟ್ಟೋರು ಯಾರಾದ್ರೂ ಇದೀರಾ?

ಕ್ಯಾತ್ಸಂದ್ರ_ರಾಜ | ಭಾನುವಾರ, ರಾತ್ರಿ 11:05

ವಿಡಿಯೋ ಕಾಲಲ್ಲಿ ಎಣ್ಣೆ ಬುಡೋದಾದ್ರೆ ವಿಡಿಯೋ ಕಾಲಲ್ಲೇ ಮುದ್ದೇನೂ ನುಂಗಬೋದು ಕಣಪ್ಪ. ನಮ್ ಕಡೆ ಒಂದು ಸೆಂಟರ್ ಐತೆ. ಫೋನ್ ಮಾಡಿದ್ರೆ ಗಾಡಿ ಕಳಿಸಿ ಎತ್ತಾಕಂಡು ಹೋಗ್ತರೆ, ಮೂರು ತಿಂಗಳು ಆಚೆಗೇ ಬುಡಲ್ಲ. ನಂಬರ್ ಬೇಕಾ?

ಮಧುಗಿರಿ_ಬೆಟ್ಟ | ಭಾನುವಾರ, ರಾತ್ರಿ 11:40

ರಾಜಣ್ಣ, ಎತ್ತಾಕಂಡು ಹೋಗಿದ್ದು ನನ್ನನ್ನೇ ಒಂದ್ಸಲ. 2016ರಲ್ಲಿ. ಎಪ್ಪತ್ತು ದಿನ ಒಳಗಿದ್ದೆ, ಎಪ್ಪತ್ತೊಂದನೇ ದಿನ ಆಚೆಗೆ ಬಂದು ಬಸ್‌ಸ್ಟ್ಯಾಂಡ್ ಹತ್ರಾನೇ ಕುಡಿದೆ. ಇಷ್ಟ ಇಲ್ಲದೋನ್ನ ಕೂಡಿಹಾಕಿದ್ರೆ ಅವನು ಕಾಯೋದು ಬಾಗಿಲು ತೆಗೆಯೋ ದಿನವನ್ನ, ಅಷ್ಟೇ.

ಗೂಡು ಅವರೇ, ನನ್ನ ಕತೆ ಹೇಳ್ತೀನಿ, ಉದ್ದ ಆಗ್ತದೆ.

2020ರ ಜನವರಿಯಲ್ಲಿ ನಾನಾಗೇ ಹೋಗಿ ಅಡ್ಮಿಟ್ ಆದೆ. ಹನ್ನೆರಡು ದಿನ. ಮಾತ್ರೆ, ಇಂಜೆಕ್ಷನ್, ಕೌನ್ಸೆಲಿಂಗ್ ಎಲ್ಲ ಆಗಿ ಮನೆಗೆ ಕಳಿಸಿದ್ರು, ಹದಿನೈದು ದಿನಕ್ಕೊಂದ್ಸಲ ಬಂದು ತೋರಿಸಿಕೊಂಡು ಹೋಗು ಅಂದ್ರು. ಮೂರು ಸಲ ಹೋದೆ. ನಾಲ್ಕನೇ ಸಲ ಹೊರಡೋ ಹೊತ್ತಿಗೆ ಲಾಕ್‌ಡೌನ್. ಬಸ್ಸಿಲ್ಲ, ಗಾಡಿ ಇಲ್ಲ, ಚೆಕ್‌ಪೋಸ್ಟಲ್ಲಿ ಪೊಲೀಸರು. ಬಾರುಗಳೂ ಮುಚ್ಚಿದ್ವು, ಅದೇ ಪುಣ್ಯ ಅಂದ್ಕೊಂಡೆ. ಆದ್ರೆ ಮೇ 4ಕ್ಕೆ ಅಂಗಡಿ ತೆಗೆದ್ರಲ್ಲ, ಆ ದಿನದ ಕ್ಯೂ ನೆನಪಿರಬೇಕು ಎಲ್ಲರಿಗೂ. ಸ್ನೇಹಿತ ಒಬ್ಬ ಕ್ಯೂನಲ್ಲಿ ನಿಂತ್ಕೊಂಡೇ ಫೋನ್ ಮಾಡಿ 'ನಿಂಗೂ ಒಂದು ತಗಳ್ಲಾ?' ಅಂದ. ಬೇಡ ಅಂದೆ. ಅಂದ್ಬಿಟ್ಟು ಕೈಕಾಲು ತಣ್ಣಗಾಗಿ ಹಜಾರದಲ್ಲಿ ಕೂತ್ಕಂಡೆ.

ಆವತ್ತು ನನ್ನ ಡಾಕ್ಟರು ಫೋನಲ್ಲಿ ಸಿಕ್ಕಿದ್ದಕ್ಕೆ ಈ ಪೋಸ್ಟ್ ಬರೀತಿದೀನಿ. ಅಲ್ಲಿಂದ ಹದಿನಾಲ್ಕು ತಿಂಗಳು ಬರೀ ಫೋನು, ವಿಡಿಯೋ. ಆ ಹದಿನಾಲ್ಕು ತಿಂಗಳಲ್ಲಿ ಒಂದು ಹನಿ ಮುಟ್ಟಲಿಲ್ಲ. ಹಂಗಾಗಿ ವಿಡಿಯೋ ಡಾಕ್ಟರ್ ಅಂದ್ರೆ ನಗಬೇಡಿ. ಆದ್ರೆ ಶುರುವಿನ ಹನ್ನೆರಡು ದಿನ ಆಸ್ಪತ್ರೆ ಮಂಚದ ಮೇಲೇ ಕಳೆದಿದ್ದು ಅನ್ನೋದನ್ನೂ ಮರೀಬೇಡಿ.

ನಿವೃತ್ತ_ಸಿಸ್ಟರ್ | ಸೋಮವಾರ, ಬೆಳಗ್ಗೆ 6:15

ಗೂಡು ಅವರೆ, ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು ನಾನು. ನಿಮ್ಮ ಪೋಸ್ಟಿನಲ್ಲಿ ಒಂದು ಸಾಲು ಓದಿ ನಿದ್ದೆ ಬರಲಿಲ್ಲ. 'ಬೆಳಗ್ಗೆ ಒಂದು ನೈಂಟಿ ಆಗಲೇಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ.' ಇದು ಬರೀ ಚಟ ಅಲ್ಲಪ್ಪ. ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಇಂಥವರು ಏಕಾಏಕಿ ನಿಲ್ಲಿಸಬಾರದು.

ನಿಲ್ಲಿಸಿದ ಆರೇಳು ಗಂಟೆಗೆ ನಡುಕ, ಬೆವರು, ವಾಕರಿಕೆ ಶುರುವಾಗುತ್ತೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿ ಭ್ರಮಿಸುತ್ತೆ: ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತೆ, ಯಾರೋ ಕರೆದಂತೆ ಕೇಳುತ್ತೆ, ಜ್ವರ, ಎದೆಬಡಿತ. ಮನೆಯವರು ದೆವ್ವ ಮೆಟ್ಟಿಕೊಂಡಿದೆ ಅಂತ ಯಂತ್ರ ಕಟ್ಟಿಸೋಕೆ ಹೋಗಿ ಮೂರನೇ ದಿನ ನಮ್ಮ ವಾರ್ಡಿಗೆ ಕರೆತಂದಿದ್ದು ಎಷ್ಟು ಸಲ! ಕೆಲವರು ಉಳಿಯಲಿಲ್ಲ.

ಇನ್ನೊಂದು ಮಾತು. ನಮ್ಮ ಜನಕ್ಕೆ 'ಗ್ಲೂಕೋಸ್ ಹಾಕಿಸಿದ್ರೆ ಸರಿಹೋಗ್ತದೆ' ಅನ್ನೋ ನಂಬಿಕೆ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಬಿ1 ಅನ್ನೋ ವಿಟಮಿನ್, ಥಯಾಮಿನ್, ಬರಿದಾಗಿರುತ್ತೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಎಲ್ಲೇ ತೋರಿಸಿದರೂ 'ವರ್ಷಗಳಿಂದ ಕುಡೀತಾರೆ' ಅಂತ ಮೊದಲೇ ಹೇಳಿ. ಮುಚ್ಚಿಡಬೇಡಿ.

ವಿಡಿಯೋ ಡಾಕ್ಟರಿಗೂ ಬೆಳಗಿನ ನೈಂಟಿ ವಿಷಯ ಹೇಳಲಿ. ಅದು ಹೇಳಿದ ಕೂಡಲೇ ಒಳ್ಳೆ ಡಾಕ್ಟರಾದರೆ 'ಆಸ್ಪತ್ರೆಗೆ ಹೋಗಿ' ಅಂತಾರೆ.

ಸುಖ_ಜೀವನ_99 | ಸೋಮವಾರ, ಬೆಳಗ್ಗೆ 9:30

ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ! 21 ದಿನದಲ್ಲಿ ಶಾಶ್ವತ ಪರಿಹಾರ! ಆನ್‌ಲೈನ್ ಡಾಕ್ಟರ್ ಸಲಹೆ ಉಚಿತ! ವಾಟ್ಸಾಪ್ ಮಾಡಿ [ನಂಬರ್ ತೆಗೆಯಲಾಗಿದೆ: ಅಡ್ಮಿನ್]

ಅಡ್ಮಿನ್ | ಸೋಮವಾರ, ಬೆಳಗ್ಗೆ 9:52

ಪುಡಿ ಮಾರೋರು ಈ ವಾರದಲ್ಲಿ ಇವರು ಮೂರನೆಯವರು. ಖಾತೆ ಬಂದ್ ಮಾಡಿದೀನಿ. ಪೋಸ್ಟನ್ನ ಮಾತ್ರ ಬೇಕಂತಲೇ ಉಳಿಸಿದೀನಿ, ಎಲ್ಲರೂ ನೋಡ್ಲಿ.

ನಿವೃತ್ತ_ಸಿಸ್ಟರ್ | ಸೋಮವಾರ, ಬೆಳಗ್ಗೆ 10:20

ಉಳಿಸಿದ್ದು ಒಳ್ಳೆಯದಾಯಿತು ಅಡ್ಮಿನ್. ಇಂಥ ಪುಡಿಯಲ್ಲಿ ಏನಿರುತ್ತೋ ಯಾರಿಗೂ ತಿಳಿಯದು. ಕುಡಿತ ಬಿಡಿಸೋಕೆ ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಅದು ನಿಜವಾದ ಔಷಧವೇ. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ಬಿಪಿ ಇಳಿದುಹೋಗುತ್ತೆ. ತಗೊಳ್ಳೋದು ನಿಲ್ಲಿಸಿದ ಮೇಲೂ ಎರಡು ವಾರದ ತನಕ ಆ ಗುಣ ಉಳಿದಿರಬಹುದು. ಅದಕ್ಕೇ ಗೊತ್ತಿದ್ದು, ಒಪ್ಪಿ ತಗೊಳ್ಳುವವರಿಗೆ ಮಾತ್ರ ಕೊಡೋದು. ಸಾರಿನಲ್ಲಿ ಗುಟ್ಟಾಗಿ ಕಲಸಿದರೆ, ಅವನು ಗೊತ್ತಿಲ್ಲದೆ ಎಂದಿನಂತೆ ಕುಡಿದು ಬಂದರೆ, ಹೆಂಡತಿಯ ಕೈಯಲ್ಲೇ ಗಂಡನ ಪ್ರಾಣ ಹೋಗಬಹುದು. ಹೆಣ್ಣುಮಕ್ಕಳು ಕಷ್ಟ ತಡೆಯಲಾರದೆ ಈ ಕೆಲಸ ಮಾಡ್ತಾರೆ, ಬೈಯೋಕೆ ನನಗೆ ಮನಸ್ಸು ಬರಲ್ಲ. ಆದರೂ ಮಾಡಬೇಡಿ ತಾಯಿ.

ಗೂಡು_ಹರಾಜು | ಬುಧವಾರ, ರಾತ್ರಿ 9:10

ಸಿಸ್ಟರ್, ನಿಮ್ಮ ಮೆಸೇಜನ್ನ ನಾನು ಸೋಮವಾರ ಸಂಜೆ ಡ್ಯೂಟಿ ಮುಗಿಸಿ ಓದಿದ್ದು. ಅಷ್ಟೊತ್ತಿಗೆ ಭಾವ ಡಾಕ್ಟರ ಹತ್ರ ಮಾತಾಡಿ ಆಗಿತ್ತು.

ಅಕ್ಕ ಬಾಗಿಲಾಚೆ ನಿಂತು ಕೇಳಿಸ್ಕೊಂಡ್ಲಂತೆ. 'ದಿನಾ ಕುಡೀತೀರಾ?' 'ಹ್ಞೂ, ಸಂಜೆ ಸ್ವಲ್ಪ.' 'ಬೆಳಗ್ಗೆ?' 'ಇಲ್ಲ ಸಾರ್, ಛೆ ಛೆ.' ಏಳು ನಿಮಿಷಕ್ಕೆ ಮುಗಿದಿದೆ. ಬಿ ಕಾಂಪ್ಲೆಕ್ಸ್, ಲಿವರ್‌ಗೆ ಒಂದು ಮಾತ್ರೆ, ರಕ್ತ ಪರೀಕ್ಷೆ ಬರೆದು, ವಾರ ಬಿಟ್ಟು ಮಾತಾಡೋಣ ಅಂದ್ರಂತೆ. ಕ್ಯಾಮೆರಾದಲ್ಲಿ ಬರೀ ಮುಖ. ಕೈ ಎರಡೂ ಟೇಬಲ್ ಕೆಳಗೆ ಇಟ್ಕೊಂಡಿದ್ರಂತೆ ನಮ್ಮ ಭಾವ! ಡಾಕ್ಟರು ಕೇಳಬೇಕಿತ್ತು ಅಂತ ನಾನು ಕೂಗಾಡಿದೆ. ಆದ್ರೆ ಸುಳ್ಳು ಹೇಳಿದ್ದು ನಮ್ಮೋರೇ.

ಸೋಮವಾರ ರಾತ್ರಿಯಿಂದ ಒಂದು ತೊಟ್ಟೂ ಮುಟ್ಟಲಿಲ್ಲ, ಹಟಕ್ಕೆ. ಮಂಗಳವಾರ ಪೂರ್ತಿ ಬೆವರು, ಊಟ ಸೇರಲಿಲ್ಲ. ಇವತ್ತು ಬೆಳಗ್ಗೆ ನಾಲ್ಕೂವರೆಗೆ ಬಚ್ಚಲು ಹತ್ರ ಬಿದ್ರು. ಕಣ್ಣು ಮೇಲೆ, ಬಾಯಲ್ಲಿ ನೊರೆ, ನಾಲಿಗೆ ಕಚ್ಕೊಂಡು ರಕ್ತ. ಮಕ್ಕಳು ಎದ್ದು ನೋಡಿಬಿಟ್ರು. ಅಕ್ಕ ಬೀಗದ ಕೈ ಹಿಡಿಸಕ್ಕೆ ಓಡಾಡ್ತಿದ್ಲು, ನಾನು ಫೋನಲ್ಲೇ ಕಿರುಚಿ ಒಂದು ಪಕ್ಕಕ್ಕೆ ಮಲಗಿಸು, ಬಾಯಿಗೆ ಏನೂ ಹಾಕ್ಬೇಡ ಅಂದೆ. 108ರಲ್ಲಿ ಕರ್ಕೊಂಡು ಹೋದ್ರು.

ಈಗ ಚಿಕ್ಕಬಳ್ಳಾಪುರದಲ್ಲಿ ಅಡ್ಮಿಟ್. ಸಿಸ್ಟರ್, ನೀವು ಹೇಳಿದ್ದನ್ನೇ ಅಕ್ಕ ಬಾಯಿಪಾಠ ಒಪ್ಪಿಸಿದ್ಲು, 'ಹತ್ತು ವರ್ಷದಿಂದ ಕುಡೀತಾರೆ, ಬೆಳಗ್ಗೇನೂ ಕುಡೀತಾರೆ.' ಬಿ1 ಇಂಜೆಕ್ಷನ್ ಮೊದಲೇ ಹಾಕಿದ್ರು. ಈಗ ನಿದ್ದೆ ಮಾಡ್ತವ್ರೆ.

ನಿವೃತ್ತ_ಸಿಸ್ಟರ್ | ಬುಧವಾರ, ರಾತ್ರಿ 9:25

ದೇವರು ದೊಡ್ಡವನು. ಇನ್ನು ಎರಡು ದಿನ ಒಬ್ಬರು ಮಂಚದ ಪಕ್ಕದಲ್ಲೇ ಇರಿ. ಅಕ್ಕನಿಗೆ ಊಟ ಮಾಡಿಸು.

ಕ್ಯಾತ್ಸಂದ್ರ_ರಾಜ | ಬುಧವಾರ, ರಾತ್ರಿ 10:02

ತಮಾಷೆ ಮಾಡ್ದೆ, ತಪ್ಪಾಯ್ತು ಕಣಣ್ಣ. ರಕ್ತಗಿಕ್ತ ಬೇಕಿದ್ರೆ ಹೇಳು, ಹುಡುಗರು ಅವ್ರೆ.

ಕೋಲಾರ_ಪಿಜಿ | ಗುರುವಾರ, ಮಧ್ಯಾಹ್ನ 2:30

ನಾನು ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದುತ್ತಿರುವವನು. ಇಲ್ಲಿ ಯಾರಿಗೂ ಔಷಧ ಹೇಳುತ್ತಿಲ್ಲ, ನಿಯಮ ಏನಿದೆ ಅಂತ ಮಾತ್ರ ಹೇಳ್ತೀನಿ. ಇದರಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ.

ನಮ್ಮ ದೇಶದಲ್ಲಿ ಫೋನ್, ವಿಡಿಯೋ ಮೂಲಕ ರೋಗಿಯನ್ನು ನೋಡೋಕೆ ಸ್ಪಷ್ಟ ನಿಯಮ ಬಂದಿದ್ದು 2020ರ ಮಾರ್ಚ್ 25ರಂದು. ಮಧುಗಿರಿಯವರು ಹೇಳಿದ ಲಾಕ್‌ಡೌನ್ ಶುರುವಾದ ದಿನವೇ. ಅದರಲ್ಲಿ ಔಷಧಗಳನ್ನು ಪಟ್ಟಿ ಮಾಡಿದ್ದಾರೆ. ಕೆಲವನ್ನು ಯಾವ ಬಗೆಯ ಕರೆಯಲ್ಲಾದರೂ ಹೇಳಬಹುದು. ಕೆಲವಕ್ಕೆ ಮೊದಲ ಸಲ ವಿಡಿಯೋ ಬೇಕೇ ಬೇಕು. ಕೆಲವನ್ನು ಹಿಂದೆ ನೋಡಿದ ರೋಗಿಗೆ ಮುಂದುವರಿಸಲು ಮಾತ್ರ ಬರೆಯಬಹುದು. ಇನ್ನೊಂದು ನಿಷೇಧದ ಪಟ್ಟಿ: ಷೆಡ್ಯೂಲ್ ಎಕ್ಸ್ (ಮಾರಾಟಕ್ಕೆ ಕಟ್ಟುನಿಟ್ಟು ಇರುವ ಔಷಧಗಳ ಪಟ್ಟಿ) ಮತ್ತು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ಬರುವ ಮಾದಕ, ಮನೋಪ್ರಭಾವಿ ಔಷಧಗಳು. ಕುಡಿತ ನಿಲ್ಲಿಸುವಾಗ ಫಿಟ್ಸ್ ಬಾರದಂತೆ ಕೊಡುವ ಮಾತ್ರೆಗಳು ಹೆಚ್ಚಾಗಿ ಈ ಮನೋಪ್ರಭಾವಿ ಗುಂಪಿನವೇ. ಹಾಗಾಗಿ ಗೂಡು ಅವರ ಭಾವ ನಿಜ ಹೇಳಿದ್ದರೂ ಆ ಡಾಕ್ಟರು ಅಂಥ ಮಾತ್ರೆಯನ್ನು ವಿಡಿಯೋದಲ್ಲಿ ಬರೆಯುವಂತಿರಲಿಲ್ಲ. ಆಸ್ಪತ್ರೆಗೆ ಕಳಿಸಲೇಬೇಕಿತ್ತು.

ಆದರೆ ಆಮೇಲಿನ ಕತೆ ಬೇರೆ. ಆ ನಾಲ್ಕೈದು ದಿನ ದಾಟಿದ ಮೇಲೆ ಕುಡಿಯುವ ಆಸೆ ತಗ್ಗಿಸುವ ಔಷಧ, ಮಾತುಕತೆ, ಮನೆಯವರ ಜೊತೆ ಸಮಾಲೋಚನೆ, ಇವೆಲ್ಲ ತಿಂಗಳುಗಟ್ಟಲೆ ನಡೆಯಬೇಕು. ನಮ್ಮಲ್ಲಿ ಜನ ಕೈಬಿಡೋದೇ ಇಲ್ಲಿ. ಅಡ್ಮಿಟ್ ಆಗಿ ಹೋದವರು ಎರಡನೇ ಭೇಟಿಗೆ ಬರಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಕ್ಯೂ, ನಾಚಿಕೆ. ವಿಡಿಯೋ ಉಪಯೋಗಕ್ಕೆ ಬರೋದು ಈ ಜಾಗದಲ್ಲಿ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನವರು ಮಾಡಿ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು.

ಆ್ಯಪ್ ಬಗ್ಗೆ ಒಂದು ಮಾತು: ಚೀಟಿಯ ಮೇಲೆ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಆ ಕಡೆ ಕೂತಿರೋದು ಡಾಕ್ಟರೋ ಇನ್ಯಾರೋ!

ರಾಜ ಅವರು ಹೇಳಿದ 'ಎತ್ತಾಕಂಡು ಹೋಗೋ' ಸೆಂಟರ್ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದಾದ ತೊಂದರೆಯೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತೆ. ಚಿಕಿತ್ಸೆ ಕೊಡುವ ಕೇಂದ್ರಕ್ಕೆ ನೋಂದಣಿ ಬೇಕು, ರೋಗಿಗೆ ಗೌಪ್ಯತೆಯ ಹಕ್ಕಿದೆ, ಒಪ್ಪಿಗೆಯಿಲ್ಲದೆ ಸೇರಿಸೋಕೆ ಕಟ್ಟುನಿಟ್ಟಾದ ವಿಧಾನ ಇದೆ. ಗಾಡಿ ಕಳಿಸೋದು ಆ ವಿಧಾನ ಅಲ್ಲ.

ಬಂಗಾರಪೇಟೆ_ಟು_ಜರ್ಸಿ | ಗುರುವಾರ, ರಾತ್ರಿ 8:15

ಕುತೂಹಲಕ್ಕೆ ಹೇಳ್ತೀನಿ. ನಾನಿರೋ ಅಮೆರಿಕದಲ್ಲಿ ನೋವಿನ ಮಾತ್ರೆ, ಹೆರಾಯಿನ್, ಫೆಂಟನಿಲ್ ಚಟಕ್ಕೆ ಬುಪ್ರೆನಾರ್ಫಿನ್ ಅನ್ನೋ ಔಷಧವನ್ನ 2020ರಿಂದ ವಿಡಿಯೋ ಅಥವಾ ಫೋನಲ್ಲೇ ಶುರು ಮಾಡ್ತಾರೆ. ಮೊದಲು ಡಾಕ್ಟರನ್ನ ಎದುರಿಗೇ ನೋಡಬೇಕಿತ್ತು, ಕೋವಿಡ್‌ನಲ್ಲಿ ಸಡಿಲಿಸಿದ್ರು. ಅದನ್ನ ಬರೆಯೋಕೆ ಡಾಕ್ಟರಿಗೆ ಪ್ರತ್ಯೇಕ ಪರವಾನಗಿ ಬೇಕು ಅನ್ನೋ ನಿಯಮಾನೂ 2022ರ ಕೊನೆಗೆ ತೆಗೆದುಹಾಕಿದ್ರು. ನನ್ನ ಆಫೀಸಲ್ಲಿ ಒಬ್ಬ ಊಟದ ವಿರಾಮದಲ್ಲಿ ಕಾರಲ್ಲಿ ಕೂತು ಡಾಕ್ಟರ ಹತ್ರ ಮಾತಾಡ್ತಾನೆ. ಇಂಡಿಯಾದಲ್ಲಿ ಯಾಕಾಗಲ್ಲ?

ಕೋಲಾರ_ಪಿಜಿ | ಗುರುವಾರ, ರಾತ್ರಿ 9:40

ಸರ್, ಅದೇ ಔಷಧ ಇಲ್ಲಿ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ, ವಿಡಿಯೋದಲ್ಲಿ ಬರೆಯೋ ಹಾಗಿಲ್ಲ. ಕೇಂದ್ರಕ್ಕೇ ಬರಬೇಕು. ಇನ್ನೊಂದು, ಅಲ್ಲಿನ ದೊಡ್ಡ ಸಮಸ್ಯೆ ಓಪಿಯಾಯ್ಡ್, ಅಂದರೆ ನೀವು ಹೇಳಿದ ಹೆರಾಯಿನ್, ಫೆಂಟನಿಲ್ ಥರದ್ದು. ನಮ್ಮ ಕಡೆ ಓಪಿಗೆ ಬರೋದು ಹೆಚ್ಚಾಗಿ ಮದ್ಯ, ತಂಬಾಕು. ಅಲ್ಲಿನ ನಿಯಮ ತಂದು ಇಲ್ಲಿ ಅಂಟಿಸಿದರೆ ಹೊಂದಲ್ಲ. ಬುಪ್ರೆನಾರ್ಫಿನ್ ಶುರುಮಾಡುವಾಗ ಆಗೋ ಕಷ್ಟಕ್ಕಿಂತ ಮದ್ಯ ನಿಲ್ಲಿಸುವಾಗ ಪ್ರಾಣಾಪಾಯ ಜಾಸ್ತಿ.

ತೆಂಗಿನಸೀಮೆ | ಶುಕ್ರವಾರ, ಮಧ್ಯರಾತ್ರಿ 12:35

ಇಲ್ಲಿ ಎಲ್ಲರೂ ಗಂಡಸರ ಕುಡಿತದ ವಿಷಯ ಮಾತಾಡ್ತಿದ್ದೀರಿ. ನಾನು ತಿಪಟೂರು ಕಡೆಯವಳು. ಮನೆಯವರು ತೀರಿಕೊಂಡ ಮೇಲೆ ನಿದ್ದೆ ಬಾರದೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಗೊಂಡ ಮಾತ್ರೆ, ನಾಲ್ಕು ವರ್ಷವಾಯಿತು. ಅರ್ಧ ಇದ್ದದ್ದು ಎರಡಾಗಿದೆ. ಬಿಟ್ಟ ರಾತ್ರಿ ಎದೆ ಕಿತ್ತುಬರುತ್ತೆ. ನನ್ನದೂ ಚಟವೇ ಅಂತ ಒಪ್ಪಿಕೊಳ್ಳೋಕೆ ಇಷ್ಟು ದಿನ ಬೇಕಾಯಿತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆನ್‌ಲೈನ್ ಡಾಕ್ಟರ್ ನೋಡೋಣ ಅಂದರೆ ಆಧಾರಿಗೆ ಜೋಡಿಸಿರೋ ನಂಬರ್ ಮಗನದು, ಓಟಿಪಿ ಅವನ ಫೋನಿಗೆ ಹೋಗುತ್ತೆ.

ನಿವೃತ್ತ_ಸಿಸ್ಟರ್ | ಶುಕ್ರವಾರ, ಬೆಳಗ್ಗೆ 5:50

ತಂಗಿ, ನೀನಾಗಿ ನಿಲ್ಲಿಸಬೇಡ. ಈ ಮಾತ್ರೆಯನ್ನೂ ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕು, ಅದೂ ಡಾಕ್ಟರ ಲೆಕ್ಕದಲ್ಲಿ. 14416ಕ್ಕೆ ಕರೆ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತೆ. ಕನ್ನಡದಲ್ಲೇ ಮಾತಾಡ್ತಾರೆ. ಮಾಮೂಲಿ ಫೋನ್ ಕರೆ, ಓಟಿಪಿಯ ಗೊಡವೆ ಇಲ್ಲ. ಯಾರ ಹತ್ರ ಹೋಗಬೇಕು ಅಂತ ಅವರೇ ದಾರಿ ಹೇಳ್ತಾರೆ.

ಕೋಲಾರ_ಪಿಜಿ | ಶುಕ್ರವಾರ, ಬೆಳಗ್ಗೆ 8:10

ಸಿಸ್ಟರ್ ಹೇಳಿದ್ದು ಸರಿ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯ್ತು, ನಿಮ್ಹಾನ್ಸ್ ಅದರ ಕೇಂದ್ರ. ಮಾದಕ ವ್ಯಸನಕ್ಕೇ ಅಂತ 14446 ಅನ್ನೋ ರಾಷ್ಟ್ರೀಯ ಸಹಾಯವಾಣಿ ಇದೆ. ಬೀಡಿ, ಸಿಗರೇಟು, ಕಡ್ಡಿಪುಡಿ, ಗುಟ್ಕಾ ಬಿಡೋರಿಗೆ 1800-11-2356. ತಂಬಾಕಿನ ವಿಷಯದಲ್ಲಿ ನಿಲ್ಲಿಸಿದರೆ ಫಿಟ್ಸ್ ಬರುವ ಭಯ ಇಲ್ಲ, ಹಾಗಾಗಿ ಪೂರ್ತಿ ಫೋನಲ್ಲೇ ನಡೆಸಬಹುದು.

ತೆಂಗಿನಸೀಮೆಯವರೆ, ನಿಮ್ಮ ಮಾತ್ರೆ ವಿಡಿಯೋದಲ್ಲಿ ಬರೆಯೋ ಪಟ್ಟಿಯಲ್ಲಿ ಇರೋದು ಅನುಮಾನ. ಮೊದಲ ಸಲ ಮುಖತಃ ಹೋಗಲೇಬೇಕಾಗುತ್ತೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ 'ಮನೋಚೈತನ್ಯ' ಅನ್ನೋ ಕಾರ್ಯಕ್ರಮ ಇದೆ, ನಿಮ್ಮಲ್ಲಿ ಯಾವ ದಿನ ಅಂತ ವಿಚಾರಿಸಿ. 'ನಿದ್ದೆ ಬರಲ್ಲ' ಅಂತ ಚೀಟಿ ಮಾಡಿಸಿ, ಸಾಕು. ಉಳಿದದ್ದು ಒಳಗೆ ಹೇಳಿ.

ತೆಂಗಿನಸೀಮೆ | ಶುಕ್ರವಾರ, ರಾತ್ರಿ 11:20

ಕರೆ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದರು. ಮಂಗಳವಾರ ಹೋಗ್ತೀನಿ.

ಟೊಮೆಟೊ_ಮಂಡಿ | ಶನಿವಾರ, ಬೆಳಗ್ಗೆ 11:00

ದುಡ್ಡಿನ ಲೆಕ್ಕ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ತಮ್ಮನಿಗೋಸ್ಕರ ಶ್ರೀನಿವಾಸಪುರದಿಂದ ಬೆಂಗಳೂರಿಗೆ ತಿಂಗಳಿಗೆ ಎರಡು ಸಲ ಓಡಾಡಿದೀವಿ. ಇಬ್ಬರ ಬಸ್ಸು, ಊಟ, ನನ್ನ ಒಂದು ದಿನದ ಮಂಡಿ ಕೆಲಸ, ಅವನ ಕೂಲಿ, ಎಲ್ಲ ಸೇರಿ ಸಲಕ್ಕೆ ಎರಡು ಸಾವಿರ ಹತ್ರ ಹತ್ರ. ಡಾಕ್ಟರ ಹತ್ರ ಕೂರೋದು ಹತ್ತು ನಿಮಿಷ. ಅದಕ್ಕಿಂತ ದೊಡ್ಡ ಕಷ್ಟ ಏನಂದ್ರೆ ವಾಪಸ್ ಬರುವಾಗ ಬಸ್‌ಸ್ಟ್ಯಾಂಡ್ ಸುತ್ತ ಬರೀ ಬಾರು. ತಮ್ಮ ಮೂತ್ರಕ್ಕೆ ಹೋಗಿ ಬರ್ತೀನಿ ಅಂದ್ರೆ ನಾನು ಹಿಂದೇನೇ ಹೋಗಿ ನಿಂತ್ಕಬೇಕಿತ್ತು. ಅರ್ಧ ಭೇಟಿನ ವಿಡಿಯೋಗೆ ಬದಲಾಯಿಸಿಕೊಟ್ಟ ಮೇಲೆ ಆ ಕಾವಲು ತಪ್ಪಿತು.

ಗೂಡು_ಹರಾಜು | ಮೂರು ವಾರದ ನಂತರ, ಗುರುವಾರ

ತಡವಾಯ್ತು, ಕ್ಷಮಿಸಿ. ಭಾವ ಒಂಬತ್ತು ದಿನ ಇದ್ದು ಮನೆಗೆ ಬಂದ್ರು. ಈಗ ಅದೇ ಮನೋವೈದ್ಯರು ವಾರಕ್ಕೊಂದ್ಸಲ ವಿಡಿಯೋದಲ್ಲಿ ನೋಡ್ತಾರೆ, ತಿಂಗಳಿಗೊಂದ್ಸಲ ಖುದ್ದಾಗಿ ಹೋಗಬೇಕು. ಹೆಂಗಿರ್ತದೆ ಅಂತ ಕೇಳೋರಿಗೆ ಹೇಳ್ತೀನಿ, ಹೋದ ಗುರುವಾರ ನಾನೂ ಇದ್ದೆ.

ಮಧ್ಯಾಹ್ನ ಎರಡು ಗಂಟೆ, ಬೇಸಿನ್ ನಿಲ್ಲಿಸಿ ಕೆಲಸದೋರು ಊಟಕ್ಕೆ ಹೋಗಿರ್ತಾರೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಗೂಡಿನ ಚೀಲ ಇಡೋ ಕೋಣೆ ಕಿಟಕೀಲಿ ಮಾತ್ರ ಎರಡು ಗೀಟು ಬರ್ತದೆ. ರಾಗಿ ಡಬ್ಬಕ್ಕೆ ಫೋನ್ ಒರಗಿಸಿ ಚಾಪೆ ಮೇಲೆ ಕೂತ್ರು. ಡಾಕ್ಟರು ಮೊದಲು ಕೇಳಿದ್ದು, 'ಪಕ್ಕದಲ್ಲಿ ಯಾರಿದಾರೆ? ಫೋನನ್ನ ಒಂದ್ಸಲ ಸುತ್ತ ತಿರುಗಿಸಿ.' ನಾನು ಬಾಗಿಲ ಸಂದೀಲಿ ನಿಂತಿದ್ದು ಕಂಡುಬಿಡ್ತು. ಇರಲಿ ಅಂತ ಭಾವನೇ ಅಂದ್ರು. ಆಮೇಲೆ 'ಎರಡೂ ಕೈ ಮುಂದಕ್ಕೆ ಚಾಚಿ, ಬೆರಳು ಅಗಲಿಸಿ, ಹಂಗೇ ಹಿಡ್ಕೊಳ್ಳಿ.' ಆ ಹತ್ತು ಸೆಕೆಂಡು ನಾನು ಉಸಿರು ಬಿಡಲಿಲ್ಲ ಮಾರಾಯ್ರೆ. ನಡುಕ ಇಲ್ಲ ಅನ್ನೋ ಹಂಗಿಲ್ಲ, ಆದ್ರೆ ಮೊದಲಿನ ಹಂಗಲ್ಲ. ಬೆಳಕಿನ ಕಡೆ ತಿರುಗಿ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿ ಅಂದ್ರು, ಕಾಮಾಲೆ ನೋಡೋಕಂತೆ. ಮಾತ್ರೆ ಶೀಟು ಕ್ಯಾಮೆರಾ ಮುಂದೆ ಹಿಡಿಸಿ ಎಷ್ಟು ಉಳಿದಿದೆ ಅಂತ ಎಣಿಸಿದ್ರು. ಎರಡು ಜಾಸ್ತಿ ಉಳಿದಿತ್ತು. 'ಯಾವತ್ತು ಮರೆತ್ರಿ?' ಬೈಯಲಿಲ್ಲ, ಬರೀ ಕೇಳಿದ್ರು. ಕೊನೆಗೆ ಭಾವನ್ನ ಆಚೆ ಕಳಿಸಿ ಅಕ್ಕನ ಹತ್ರ ಐದು ನಿಮಿಷ. ಏನು ಮಾತಾಡಿದ್ರೋ, ಅವಳು ಕಣ್ಣು ಒರೆಸ್ಕೊಂಡು ಬಂದ್ಲು.

ಲಿವರ್ ರಿಪೋರ್ಟ್ ಸರಿ ಇಲ್ಲ ಅಂತ ಕುಡಿಯೋ ಆಸೆ ತಗ್ಗಿಸೋಕೆ ಅಕಾಂಪ್ರೊಸೇಟ್ ಅನ್ನೋ ಮಾತ್ರೆ ಕೊಟ್ಟವ್ರೆ, ಎರಡೆರಡು ಮೂರು ಹೊತ್ತು. ಕಿಡ್ನಿ ಪರೀಕ್ಷೆ ಮಾಡಿಸಿಯೇ ಶುರು ಮಾಡಿದ್ದು. ಇದು ನಮ್ಮ ಭಾವನಿಗೆ ಕೊಟ್ಟಿದ್ದು, ಯಾರೂ ಹೆಸರು ನೋಡಿ ತಗೊಳ್ಳಕ್ಕೆ ಹೋಗಬೇಡಿ. ಚೀಟಿ ವಾಟ್ಸಾಪಲ್ಲಿ ಬರ್ತದೆ. ಊರಿನ ಮೆಡಿಕಲ್ಲಲ್ಲಿ 'ಒರಿಜಿನಲ್ ತನ್ನಿ' ಅಂದ್ರು, ಪಿಜಿ ಸಾರ್ ಇದು ನಡೀತದಾ?

ಕೋಲಾರ_ಪಿಜಿ | ಅದೇ ಸಂಜೆ

ಸಹಿ ಇರುವ ಚೀಟಿಯ ಫೋಟೊ ಅಥವಾ ಸ್ಕ್ಯಾನ್ ಕಳಿಸಬಹುದು ಅಂತ 2020ರ ಆ ನಿಯಮದಲ್ಲೇ ಇದೆ. ಪ್ರಿಂಟ್ ತೆಗೆಸಿಕೊಂಡು ಹೋಗಿ, ತಕರಾರು ಕಮ್ಮಿ ಆಗುತ್ತೆ.

ಗೂಡು_ಹರಾಜು | ಹೊಸತೊಡಕಿನ ಮಾರನೇ ದಿನ

ಕೆಟ್ಟ ಸುದ್ದಿ. ನಿನ್ನೆ ಭಾವ ಕುಡಿದ್ರು.

ಹೊಸತೊಡಕು ಅಂದ್ರೆ ಗೊತ್ತಲ್ಲ, ಬಾಡು, ಅದರ ಹಿಂದೇನೇ ಬಾಟ್ಲು. ಷಡ್ಡಕ ಬಂದಿದ್ರು, ತೋಟದ ಹತ್ರ ಹೋಗಿ ಬರೋಣ ಅಂತ ಕರ್ಕೊಂಡು ಹೋದ್ರು. ಒಂದು ಟೆಟ್ರಾ. ವಾಪಸ್ ಬಂದು ಜಗಲಿ ಮೇಲೆ ಕೂತ್ಕೊಂಡು ಅಳ್ತಾರೆ. ರಾತ್ರಿ ಹನ್ನೊಂದೂವರೆ, ಡಾಕ್ಟರ ಫೋನ್ ಆಫ್. ಅಕ್ಕ 14416ಕ್ಕೆ ಮಾಡಿ ಫೋನನ್ನ ಅವರ ಕಿವಿಗೆ ಹಿಡಿದ್ಲು. ಅರ್ಧ ಗಂಟೆ ಮಾತಾಡಿದ್ರು. ಇವತ್ತು ಬೆಳಗ್ಗೆ ಗುರುವಾರ ಅಲ್ಲದಿದ್ರೂ ಡಾಕ್ಟರು ಹತ್ತು ನಿಮಿಷ ಕೊಟ್ರು. ಎಷ್ಟು ಗಂಟೆಗೆ ಹೊರಟ್ರಿ, ಯಾರ ಗಾಡೀಲಿ, ಜೇಬಲ್ಲಿ ಎಷ್ಟಿತ್ತು, ಮೊದಲ ಗುಟುಕಿಗೆ ಮುಂಚೆ ಏನನ್ನಿಸ್ತು, ಎಲ್ಲ ಬಿಡಿಸಿ ಬಿಡಿಸಿ ಕೇಳಿದ್ರಂತೆ. ಮಾತ್ರೆ ನಿಲ್ಲಿಸಬೇಡಿ, ಇವತ್ತಿಂದ ಮತ್ತೆ ಎಣಿಸೋಣ ಅಂದವ್ರೆ.

ಮಧುಗಿರಿ_ಬೆಟ್ಟ | ಅದೇ ದಿನ

ನಂದು ಹಂಗೆ ಎರಡು ಸಲ ಜಾರೈತೆ, 2016ರ ಆ ಸೆಂಟರ್ ಲೆಕ್ಕಕ್ಕೆ ತಗೊಳ್ದೆ. ಅದೇ ರಾತ್ರಿ ಫೋನ್ ಮಾಡಿದ್ರಲ್ಲ, ಅದನ್ನ ನೋಡು. ನಾನು ಜಾರಿದಾಗ ಮೂರು ವಾರ ಯಾರಿಗೂ ಮುಖ ತೋರಿಸಿರಲಿಲ್ಲ. ಷಡ್ಡಕನಿಗೆ ಮಾತ್ರ ವಿಷಯ ಹೇಳಿಬಿಡಿ. ಗುಟ್ಟು ಇಟ್ಟಷ್ಟೂ ಅವನು ಕರೀತಾನೇ ಇರ್ತಾನೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ ಕುಡಿತ ಬಿಟ್ಟೋರು, ಬಿಡೋರು ಸೇರ್ಕಂಡು ನಡೆಸೋ ಗುಂಪೈತೆ, ಅವರ ಸಭೆ ಆನ್‌ಲೈನಲ್ಲೂ ನಡೀತವೆ, ನಾನು ಸಂಜೆ ಹೊತ್ತು ಅಲ್ಲಿ ಕೂರ್ತೀನಿ. ಕ್ಯಾಮೆರಾ ಆಫ್ ಮಾಡ್ಕಂಡು ಬರೀ ಕೇಳಿಸ್ಕಂಡ್ರೂ ಯಾರೂ ಏನೂ ಅನ್ನಲ್ಲ. ಭಾವನಿಗೆ ಇಷ್ಟ ಇದ್ರೆ ನಂಗೆ ಮೆಸೇಜ್ ಹಾಕು, ಜೊತೇಲಿ ಕೂರ್ತೀನಿ.

ಪಾವಗಡ_ಬಿಸಿಲು | ಎರಡು ದಿನದ ನಂತರ

ಎಲ್ಲ ಓದ್ದೆ. ನಮ್ಮಪ್ಪಂಗೆ 63, ಬೆಳಗ್ಗೆಯಿಂದ ಕುಡಿಯಲ್ಲ, ಸಂಜೆ ಮಾತ್ರ, ಆದ್ರೆ ಬಿಡಕ್ಕೆ ಆಗ್ತಿಲ್ಲ. ಮನೇಲಿರೋದು ಬಟನ್ ಫೋನು. ನಾನಿರೋದು ಪೀಣ್ಯದಲ್ಲಿ. ವಿಡಿಯೋ ಗಿಡಿಯೋ ಅವರಿಗೆ ಆಗಲ್ಲ. ಏನ್ಮಾಡ್ಲಿ?

ನಿವೃತ್ತ_ಸಿಸ್ಟರ್ | ಅದೇ ಸಂಜೆ

ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅಂದರೆ ಹಳೆ ಸಬ್ ಸೆಂಟರಿಗೆ, ಕಳಿಸಪ್ಪ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಇರ್ತಾರೆ. ಇ-ಸಂಜೀವಿನಿ ಅನ್ನೋ ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಅವರೇ ಕಂಪ್ಯೂಟರ್ ಹಾಕಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೂರದಲ್ಲಿರೋ ಡಾಕ್ಟರಿಗೆ ತೋರಿಸ್ತಾರೆ. ಬಿಪಿನೂ ಅಲ್ಲೇ ನೋಡ್ತಾರೆ. ವಯಸ್ಸು ಅರವತ್ತು ದಾಟಿದೆ, ಹಾಗಾಗಿ ಸಂಜೆ ಒಂದೇ ಹೊತ್ತು ಕುಡಿಯೋದು ಅಂತ ಅಸಡ್ಡೆ ಮಾಡಬೇಡಿ, ಕೇಳದೆ ನಿಲ್ಲಿಸೋದೂ ಬೇಡ. ಆಶಾ ಕಾರ್ಯಕರ್ತೆಗೆ ನೀನೇ ಒಂದು ಫೋನ್ ಮಾಡಿ ಹೇಳು. ಅಪ್ಪ ನಿನ್ನ ಮಾತು ಕೇಳ್ತಾರೋ ಇಲ್ಲವೋ, ಆ ಹುಡುಗಿ ಬಾಗಿಲಿಗೆ ಬಂದು ನಿಂತರೆ ಏಳ್ತಾರೆ.

ಪಾವಗಡ_ಬಿಸಿಲು | ಅದೇ ರಾತ್ರಿ

ಆಶಾ ನಮ್ಮ ಚಿಕ್ಕಮ್ಮನೇ ಸಿಸ್ಟರ್! ನಾಳೆ ಬೆಳಗ್ಗೆ ಹೇಳ್ತೀನಿ.